ಚಾಟ್ಸ್‌ವರ್ತಾ, ಹಾರ್ಡ್‌ವಿಕ್ಕಾ? ಎರಡೂ ನೋಡಿದ್ಮೇಲೆ ನಂಗನ್ಸಿದ್ದು

ಇಂಗ್ಲೆಂಡಿನ ಡರ್ಬಿಶೈರ್ ಕಡೆ ಯಾವ ಬಂಗ್ಲೆ ನೋಡೋದು ಅಂತ ಕೇಳಿದ್ರೆ ಇಲ್ಲಿರೋ ನಮ್ಮೋರೆಲ್ಲ ಕಣ್ಮುಚ್ಕೊಂಡು ಚಾಟ್ಸ್‌ವರ್ತ್ ಹೌಸ್ ಅಂತಾರೆ. ಅಪ್ಪ ಅಮ್ಮ ಬಂದಾಗ ನಾವೂ ಅಲ್ಲಿಗೇ ಹೋದ್ವಿ, ಆಮೇಲೆ ಇನ್ನೊಂದ್ಸಲ ಹಾರ್ಡ್‌ವಿಕ್ ಹಾಲ್‌ಗೂ ಹೋದ್ವಿ. ಎರಡಕ್ಕೂ ಮೂಲ ಒಬ್ಳೇ ಹೆಂಗ್ಸು, ಬೆಸ್ ಆಫ್ ಹಾರ್ಡ್‌ವಿಕ್ ಅಂತ, ನಾಲ್ಕು ಮದ್ವೆ ಆದೋಳು, ಮದ್ವೆಯಿಂದ ಮದ್ವೆಗೆ ಇನ್ನಷ್ಟು ಸಾಹುಕಾರ್ತಿ ಆದೋಳು.

ಚಾಟ್ಸ್‌ವರ್ತ್‌ನಲ್ಲಿ ಬೆಸ್ ಕಟ್ಟಿಸಿದ ಮನೆ ಈಗ ಹುಡುಕಿದ್ರೂ ಸಿಗೋದು ಕಷ್ಟ. 1687ರಿಂದ ಅವಳ ವಂಶದ ಮೊದಲ್ನೇ ಡ್ಯೂಕ್ ಮನೇನ ಹೊಸ್ದಾಗಿ ಕಟ್ಟಿಸ್ತಾ ಹೋದ, ಮುಂದಿನೋರೂ ಸುಮ್ನಿರ್ಲಿಲ್ಲ, ಮನೆತನ ಈಗ್ಲೂ ಅಲ್ಲೇ ಇದೆ. ಒಳಗಡೆ ಚಿನ್ನದ ಬಣ್ಣ, ಛಾವಣಿ ತುಂಬ ಚಿತ್ರ, ಅರ್ಧ ಗಂಟೆಗೆ ಕಣ್ಣು ಸುಸ್ತಾಗುತ್ತೆ. ಆದ್ರೆ ಒಂದ್ಕಡೆ ಬಾಗ್ಲಲ್ಲಿ ಪಿಟೀಲು ನೇತಾಕಿರೋ ಹಂಗಿದೆ, ಅದು ಬರೀ ಪೇಂಟಿಂಗು, ಗೊತ್ತಿದ್ರೂ ಕಣ್ಣು ನಂಬಲ್ಲ, ಅಪ್ಪ ಅಂತೂ ಎರಡೆರಡು ಸಲ ವಾಪಸ್ ಹೋಗಿ ನೋಡ್ಕೊಂಡ್ಬಂದ್ರು.

ಅಲ್ಲಿ ನಿಜವಾದ ಮಜಾ ಹೊರಗಡೆ. ರಷ್ಯಾದ ಝಾರ್ ಬರ್ತಾನೆ ಅಂತ 1844ರಲ್ಲಿ ಇಲ್ಲಿನ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್ಟನ್ ಕೈಲಿ ಭಾರಿ ಕಾರಂಜಿ ಮಾಡಿಸಿದ್ರು, ಪಂಪಿಲ್ಲ ಏನಿಲ್ಲ, ಗುಡ್ಡದ ಮೇಲೆ ಕೆರೆ ತೋಡಿಸಿ ಅಲ್ಲಿಂದ ಇಳಿಯೋ ನೀರಿನ ಒತ್ತಡದಲ್ಲೇ ಚಿಮ್ಮೋದು. ಝಾರ್ ಬರ್ಲೇ ಇಲ್ಲ! ಅಂದಹಾಗೆ ಇದೇ ಪ್ಯಾಕ್ಸ್ಟನ್ ಇಲ್ಲಿನ ಗಾಜಿನ ಮನೇಲಿ 1830ರ ದಶಕದಲ್ಲಿ ಬಾಳೆ ಬೆಳ್ದಿದ್ದ, ಆ ಬಾಳೆಗೇ ಈ ಮನೆತನದ ಕ್ಯಾವೆಂಡಿಶ್ ಅನ್ನೋ ಹೆಸರು ಬಂತು, ನಮ್ ಪಚ್ಚಬಾಳೆ, ಜಿ-9 ಎಲ್ಲ ಅದೇ ಗುಂಪು. ಇದ್ ಕೇಳಿದ್ಮೇಲೆ ಅಮ್ಮಂಗೆ ಡ್ಯೂಕ್ ಮೇಲೆ ಸ್ವಲ್ಪ ಗೌರವ ಬಂತು.

ಹಾರ್ಡ್‌ವಿಕ್ ಬೇರೇನೇ ಲೆಕ್ಕ. 1590ರ ದಶಕದಲ್ಲಿ ಕಟ್ಟಿದ್ದು, ಗೋಡೆಗಿಂತ ಕಿಟಕಿನೇ ಜಾಸ್ತಿ, ಮೇಲ್ಮೇಲೆ ಹೋದಂಗೆ ಕಿಟಕಿ ದೊಡ್ಡದಾಗ್ತಾ ಹೋಗುತ್ತೆ, ಆರೂ ಗೋಪುರದ ತುದೀಲಿ ಕಲ್ಲಲ್ಲೇ ಬೆಸ್ ಇನಿಶಿಯಲ್ಸು, ಇಎಸ್ ಅಂತ (ಎಲಿಜಬೆತ್ ಶ್ರೂಸ್ಬರಿ, ಕೊನೇ ಮದ್ವೆ ಆದ್ಮೇಲಿನ ಹೆಸರು), ದೂರದಿಂದ್ಲೇ ಕಾಣುತ್ತೆ. ಮನೆತನದೋರಿಗೆ ಚಾಟ್ಸ್‌ವರ್ತೇ ಮುಖ್ಯ ಆಗಿದ್ರಿಂದ ಇದನ್ನ ಅಷ್ಟಾಗಿ ಕೆಡವಿ ಕಟ್ಟೋಕೆ ಹೋಗ್ಲಿಲ್ಲ, ಅದೇ ಇದರ ಪುಣ್ಯ. ಲಾಂಗ್ ಗ್ಯಾಲರೀಲಿ 13 ದೊಡ್ಡ ಟೇಪೆಸ್ಟ್ರಿ, ಅಂದ್ರೆ ಚಿತ್ರ ನೇಯ್ದಿರೋ ಗೋಡೆ ಬಟ್ಟೆ ಇವೆ, ಬೈಬಲ್ಲಿನ ಗಿಡಿಯನ್ ಕಥೆದು, ಅವನ್ನ ರಿಪೇರಿ ಮಾಡಿ ಮುಗ್ಸೋಕೇ 24 ವರ್ಷ ಹಿಡೀತಂತೆ. ಬೆಸ್ ಅವನ್ನ ಕೊಂಡಿದ್ದು ಸೆಕೆಂಡ್ ಹ್ಯಾಂಡಲ್ಲಿ, ಹಳೇ ಮಾಲೀಕರ ಲಾಂಛನ ಮುಚ್ಚಿ ತನ್ನದನ್ನ ಹಾಕ್ಸೋ ಖರ್ಚು ಅಂತ 5 ಪೌಂಡ್ ಬೇರೆ ಇಳಿಸ್ಕೊಂಡ್ಳು, ಅವರ ಲಾಂಛನದ ಹೆಣ್ಣು ಜಿಂಕೆಗೆ ಕೊಂಬು ಬರ್ಸಿ ತನ್ನ ಗಂಡು ಜಿಂಕೆ ಮಾಡ್ಕೊಂಡ್ಳು. ಚೌಕಾಸಿ ಅಂದ್ರೆ ಇದು! ಬಟ್ಟೆ ಬಣ್ಣ ಹೋಗ್ಬಾರ್ದು ಅಂತ ಬೆಳಕು ಕಮ್ಮಿ ಇಟ್ಟಿರ್ತಾರೆ, ಫೋಟೋ ಚೆನ್ನಾಗಿ ಬರಲ್ಲ. ಕಲ್ಲಿನ ಮೆಟ್ಟಿಲೂ ಜಾಸ್ತಿ, ಅಮ್ಮಂಗೆ ಮಂಡಿ ನೋವು, ನಿಂತ್ ನಿಂತ್ಕೊಂಡೇ ಹತ್ತಿದ್ರು.

ದುಡ್ಡಿನ ವಿಷ್ಯ. ಹಾರ್ಡ್‌ವಿಕ್ ನ್ಯಾಷನಲ್ ಟ್ರಸ್ಟ್‌ದು, ಹಳೇ ಬಂಗ್ಲೆಗಳನ್ನ ಕಾಪಾಡೋ ಸಂಸ್ಥೆ ಅದು, ಮೆಂಬರ್ ಆಗಿದ್ರೆ ಟಿಕೆಟ್ ಬೇಡ. ಚಾಟ್ಸ್‌ವರ್ತ್‌ದು ಬೇರೆ ಟ್ರಸ್ಟು, ಆ ಕಾರ್ಡ್ ಅಲ್ಲಿ ನಡೆಯಲ್ಲ, ಫ್ಯಾಮಿಲಿ ಪೂರ್ತಿ ಹೋದ್ರೆ ಜೇಬಿಗೆ ಕತ್ತರಿ ಬೀಳುತ್ತೆ. ಇದಕ್ಕೂ ಒಂದು ಕಥೆ ಇದೆ, 1950ರಲ್ಲಿ 10ನೇ ಡ್ಯೂಕ್ ತೀರ್ಕೊಂಡಾಗ ಆಸ್ತಿ ಮೇಲೆ 80% ತೆರಿಗೆ ಬಿತ್ತು, ಚಾಟ್ಸ್‌ವರ್ತ್ ಉಳಿಸ್ಕೊಳೋಕೆ ಹಾರ್ಡ್‌ವಿಕ್‌ನ ಸರ್ಕಾರಕ್ಕೆ ಬಿಟ್ಕೊಟ್ರು, 1959ರಲ್ಲಿ ಅದು ಟ್ರಸ್ಟ್ ಕೈಗೆ ಬಂತು.

ಮಕ್ಳು, ವಯಸ್ಸಾದೋರು ಇದ್ರೆ, ಕಾರಿಲ್ದಿದ್ರೆ ಚಾಟ್ಸ್‌ವರ್ತ್‌ಗೇ ಹೋಗಿ, ಶೆಫೀಲ್ಡ್‌ನಿಂದ ಬಸ್ಸಿದೆ, ಹುಲ್ಲು ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಕೊಂಡು ಕೂತ್ರೆ ಸಂಜೆ ಆಗೋದೇ ಗೊತ್ತಾಗಲ್ಲ. ಹಳೇ ಮನೆ ಅಂದ್ರೆ ಹೆಂಗಿತ್ತು ಅಂತ ನೋಡೋ ಆಸೆ ಇದ್ರೆ ನನ್ನ ಓಟು ಹಾರ್ಡ್‌ವಿಕ್‌ಗೆ, ಎಂ1 ರಸ್ತೆ 29ನೇ ಜಂಕ್ಷನ್ ಹತ್ರಾನೇ ಇದೆ. ಎರಡನ್ನೂ ಒಂದೇ ದಿನ ಮುಗಿಸ್ತೀನಿ ಅಂತ ಮಾತ್ರ ಹೊರಡ್ಬೇಡಿ, ಚಾಟ್ಸ್‌ವರ್ತ್ ತೋಟಾನೇ ಇಡೀ ದಿನ ತಿನ್ನುತ್ತೆ.