ಅಪ್ಪನ ಕಿವಿಗೆ ಮೂರು ಇ-ಪುಸ್ತಕ: ಕೊಂಡದ್ದು, ಕದ್ದದ್ದು, ಪುಕ್ಕಟೆ ಸಿಕ್ಕಿದ್ದು

ನನ್ನ ಓಟು ಪುಕ್ಕಟೆ ಪುಸ್ತಕಗಳ ಜಾಲತಾಣ ವಿಕಿಸೋರ್ಸ್‌ಗೆ. ಅಲ್ಲಿಗೆ ತಲುಪುವ ಮೊದಲು 240 ರೂಪಾಯಿ ಕಳಕೊಂಡೆ, ಅದರ ಕತೆಯೇ ಉದ್ದ.

ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯಿಂದ ಅಪ್ಪನ ಓದು ನಿಂತು ಎರಡು ವರ್ಷವಾಯಿತು. ಫೋನೇ ಓದಿ ಹೇಳಲಿ ಅಂತ ಒಂದು ಆ್ಯಪ್‌ನಲ್ಲಿ ಕಾದಂಬರಿಯೊಂದನ್ನು ಕೊಂಡೆ. ಟಾಕ್‌ಬ್ಯಾಕ್ (ಪರದೆಯ ಮೇಲಿನದನ್ನು ಓದಿ ಹೇಳುವ ಫೋನಿನ ಸೌಲಭ್ಯ) ಆನ್ ಮಾಡಿದರೆ "ಹಿಂದೆ, ಬಟನ್. ಮುಂದೆ, ಬಟನ್" ಎಂದು ಹೇಳಿ ಅದು ಸುಮ್ಮನಾಯಿತು. "ಇದೆಂತದೋ, ಬರೀ ಬಟನ್ ಲೆಕ್ಕ ಹಾಕ್ತದಲ್ಲ!" ಅಂದರು ಅಪ್ಪ. ಸ್ಕ್ರೀನ್‌ಶಾಟ್ ತೆಗೆದು ಅಕ್ಷರ ಬಿಡಿಸಿಕೊಳ್ಳೋಣ ಎಂದರೆ ಬರೀ ಕಪ್ಪು ಚಿತ್ರ. ಮೇಲ್ ಬರೆದೆ. ನಕಲು ತಡೆಯಲು ಹೀಗೆ ಮಾಡಿದ್ದೇವೆ, ದುಡ್ಡು ವಾಪಸಿಲ್ಲ ಎಂದು ಉತ್ತರ ಬಂತು.

ಸಿಟ್ಟಿಗೆ ಕಾಪಿರೈಟ್ ಕಾಯ್ದೆಯನ್ನೇ ತೆಗೆದು ಓದಿದೆ. ಅಂಗವಿಕಲರಿಗೆ ಓದಲು, ಕೇಳಲು ಆಗುವ ರೂಪಕ್ಕೆ ಯಾವುದೇ ಕೃತಿಯನ್ನು ಬದಲಾಯಿಸಿಕೊಡಬಹುದು ಎನ್ನುತ್ತದೆ 2012ರ ತಿದ್ದುಪಡಿಯ 52(1)(ಝಡ್‌ಬಿ). ಅದೇ ತಿದ್ದುಪಡಿ ತಂದ 65ಎ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು. ನನ್ನ ಉದ್ದೇಶ ಅದಲ್ಲ, ಸರಿ. ಆದರೆ ಕೀಲಿ ಕೊಡಿ ಎಂದು ಕಂಪನಿಗೆ ಆ ಸೆಕ್ಷನ್ ಹೇಳುವುದಿಲ್ಲ. ಹಕ್ಕು ಅಪ್ಪನದು, ಕೀಲಿ ಅವರದು!

ಭಾವ ಟೆಲಿಗ್ರಾಂನಿಂದ ಅದೇ ಕಾದಂಬರಿಯ ಪಿಡಿಎಫ್ ಕಳಿಸಿದ. ಯಾರೋ ಮೊಬೈಲಿನಲ್ಲಿ ಹೊಡೆದ ಫೋಟೋಗಳು, ಕೆಲವು ಪುಟಗಳಲ್ಲಿ ಅವರ ಹೆಬ್ಬೆರಳೂ ಇದೆ. ಇನ್ನೊಂದು ಪುಸ್ತಕದಲ್ಲಿ ಅಕ್ಷರವೇನೋ ಇತ್ತು. ಆದರೆ ಎಲ್ಲ ಫೋನಿಗೂ ತಿಳಿಯುವ ಯೂನಿಕೋಡ್ ಸಂಕೇತ ಅಲ್ಲ, ಹಳೇ ನುಡಿ ಫಾಂಟು, ಹಾಗಾಗಿ ಫೋನು ಓದಿದ್ದು ಯಾವ ಭಾಷೆಯೋ ದೇವರೇ ಬಲ್ಲ. ಬರೆದವರಿಗೂ ಕಾಸಿಲ್ಲ, ಕೇಳುವವರಿಗೂ ಸುಖವಿಲ್ಲ.

ಪುಕ್ಕಟೆ ಜಾಲತಾಣ ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನ್‌ಗಳು ಕಣ್ಣಿದ್ದವರಿಗೆ ಬಂಗಾರ. ಅವೂ ಬರೀ ಪುಟಗಳ ಚಿತ್ರ, ಅಪ್ಪನಿಗಲ್ಲ.

ವಿಕಿಸೋರ್ಸ್‌ನಲ್ಲಿ ಸ್ವಯಂಸೇವಕರು ಕೂತು ಯೂನಿಕೋಡ್‌ಗೆ ತಂದ ಪಠ್ಯವಿದೆ. ಇಪಬ್ (ಇ-ಪುಸ್ತಕದ ಕಡತ) ಇಳಿಸಿಕೊಂಡರೆ ಫೋನು ಗಡಗಡ ಓದುತ್ತದೆ. ವಚನಗಳಿಂದ ಶುರುಮಾಡಿದೆವು. ಕೊರತೆ ಹೊಸ ಪುಸ್ತಕಗಳದು. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಮೊದಲು 50 ಇತ್ತು, ಟ್ಯಾಗೋರರ ಕೃತಿಗಳು ಮುಕ್ತವಾಗುವ ಹೊತ್ತಿಗೆ 1992ರಲ್ಲಿ ಹತ್ತು ಸೇರಿಸಿದರು. ಹೀಗಾಗಿ 1946ರಲ್ಲಿ ಹೋದ ಕೈಲಾಸಂ, ಬಿಎಂಶ್ರೀ ಈಗ ಎಲ್ಲರ ಸ್ವತ್ತು. ನಮ್ಮ ತೀರ್ಥಹಳ್ಳಿ ಸೀಮೆಯವರೇ ಆದ ಕುವೆಂಪು 2054 ಮುಗಿಯುವವರೆಗೆ ಇಲ್ಲ. ಅಪ್ಪನಿಗೆ ಈಗಲೇ 76.

ನಿರಂಜನರ ಮನೆಯವರು ಮಾತ್ರ ಕಾಯಿಸಲಿಲ್ಲ. ನಿಯಮದಂತೆ 2050 ದಾಟಬೇಕಿದ್ದ ಕೃತಿಗಳನ್ನು 2014ರಲ್ಲೇ ಎಲ್ಲರೂ ಪುಕ್ಕಟೆ ಹಂಚಿಕೊಳ್ಳಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಅಪ್ಪನ ಸಂಜೆಗಳು ಸದ್ಯ ಅವರ ಪುಣ್ಯದಲ್ಲೇ ನಡೆಯುತ್ತಿವೆ.

ಇಂದಿನ ಲೇಖಕರದು ಬೇಕೆಂದರೆ ಅಚ್ಚಿನ ಪುಸ್ತಕ ಕೊಳ್ಳುತ್ತೇನೆ. ತಿಂಗಳಿಗೆ 300 ರೂಪಾಯಿಯ ಲೆಕ್ಕ ನಮ್ಮದು. ಭಾನುವಾರ ಸ್ಕ್ಯಾನ್ ಮಾಡಿ, ಒಸಿಆರ್ (ಚಿತ್ರದಿಂದ ಅಕ್ಷರ ಬಿಡಿಸುವ ತಂತ್ರಾಂಶ) ಹಾಕಿ, ತಪ್ಪು ತಿದ್ದುತ್ತೇನೆ. ಹೊತ್ತು ಹಿಡಿಯುವ ಕೆಲಸ, ಆದರೆ ಝಡ್‌ಬಿ ನನ್ನ ಬೆನ್ನಿಗಿದೆ. ಮೊನ್ನೆ ಪುಟಸಂಖ್ಯೆ ಅಳಿಸಲು ಮರೆತಿದ್ದೆ. ಕತೆಯಲ್ಲಿ ಮದುಮಗಳು ಅಳುತ್ತಿರುವಾಗ ಫೋನು "ನೂರಾ ನಲವತ್ತೇಳು" ಅಂದಿತು. ದಿಬ್ಬಣಕ್ಕೆ ಬಂದವರ ಲೆಕ್ಕ ಇರಬೇಕು ಅಂದುಕೊಂಡರಂತೆ ಅಪ್ಪ.