ವಾಟರ್‌ಲಾಕ್ ಮತ್ತು ಆ್ಯಂಟಿ ಸೈಫನ್ ವಾಲ್ವ್: ನಾಲ್ಕು ಸೀಸನ್ ಬಳಸಿದ ಮೇಲೆ

ಮಲ್ಪೆಯಲ್ಲಿ ನಮ್ಮದೊಂದು ಗಾಳದ ಬೋಟ್ ಇದೆ, ಮೂರು ಸಿಲಿಂಡರಿನ ಇನ್‌ಬೋರ್ಡ್ ಡೀಸೆಲ್. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಕ್ ಅಂತ ನಿಂತುಬಿಟ್ಟಿತು. ಬ್ಯಾಟರಿ ಇಳಿದಿದೆ ಅಂದುಕೊಂಡೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಹಾಲು ಹಾಕಿದ ಚಹಾದ ಹಾಗಿತ್ತು. ಹೊಗೆ ಪೈಪಿನ ದಾರಿಯಿಂದ ಉಪ್ಪುನೀರು ಸಿಲಿಂಡರಿಗೇ ಬಂದಿತ್ತು.

ಸದ್ಯ, ಮತ್ತೆ ಸೆಲ್ಫ್ ಹೊಡೆಯಲಿಲ್ಲ. ಗಾಳಿ ಅದುಮಿಕೊಳ್ಳುತ್ತದೆ, ನೀರು ಅದುಮಿಕೊಳ್ಳುವುದಿಲ್ಲ. ಬಲವಂತ ಮಾಡಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತಿತ್ತು. ಇಂಜೆಕ್ಟರ್ ಬಿಚ್ಚಿ, ಕೈಯಲ್ಲೇ ಕ್ರ್ಯಾಂಕ್ ತಿರುಗಿಸಿ ನೀರು ಹೊರಹಾಕಿದೆವು. ಮೂರು ಸಲ ಆಯಿಲ್ ಬದಲಿಸಿ, ತುಕ್ಕು ಹಿಡಿಯುವ ಮೊದಲೇ, ಅದೇ ದಿನ ಎಂಜಿನ್ ಓಡಿಸಿದೆವು.

ಕಾರಣ ಹುಡುಕಿದಾಗ ನಿಜಕ್ಕೂ ಹೊಟ್ಟೆ ಉರಿಯಿತು. ಎಂಜಿನ್ ತಂಪು ಮಾಡಿದ ಸಮುದ್ರದ ನೀರು ಹೊಗೆಯ ಜೊತೆಗೇ ಹೊರಗೆ ಹೋಗುತ್ತದೆ, ಅಲ್ವಾ? ಆ ನೀರು ಹೊಗೆಗೆ ಸೇರುವ ಬೆಂಡ್ ನಮ್ಮ ಬೋಟಿನಲ್ಲಿ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿದೆ. ಎಂಜಿನ್ ನಿಲ್ಲಿಸಿದ ಮೇಲೂ ಸೈಫನ್ ಹಿಡಿದು, ಅಂದರೆ ನೀರು ತಾನಾಗೇ ಎಳೆದುಕೊಂಡು, ಪಂಪಿನೊಳಗಿನ ಇಂಪೆಲರ್ ಚಕ್ರದ ಸಂದಿಯಿಂದ ರಾತ್ರಿಯಿಡೀ ನೀರು ಇಳಿದಿತ್ತು. ಮೊದಲು ಜೋಡಿಸಿದವರು ಆ್ಯಂಟಿ ಸೈಫನ್ ವಾಲ್ವನ್ನೇ ಹಾಕಿರಲಿಲ್ಲ.

ಆಗ ಹಾಕಿಸಿದ್ದು ಈ ಕಿಟ್: ಹೊಗೆ ಪೈಪಿನ ನೀರು ಎಂಜಿನ್ನಿಗೆ ಹಿಂದಿರುಗದಂತೆ ಹಿಡಿದಿಡುವ ಪ್ಲಾಸ್ಟಿಕ್ ಡಬ್ಬಿ, ಅಂದರೆ ವಾಟರ್‌ಲಾಕ್, ಹಿಂದಿನಿಂದ ಬರುವ ತೆರೆಯ ನೀರು ತಡೆಯುವ ಬಾಗಿದ ಪೈಪ್, ಅಂದರೆ ಗೂಸ್‌ನೆಕ್, ಮತ್ತು ಆ ಪುಟ್ಟ ವಾಲ್ವ್. ವಾಟರ್‌ಲಾಕ್ ಬಗ್ಗೆ ದೂರಿಲ್ಲ. ಒಂದು ಬಿರುಕೂ ಬಿದ್ದಿಲ್ಲ, ಸದ್ದೂ ಕಡಿಮೆಯಾಗಿದೆ. ಜೊತೆಗೆ ಬಂದ ಕ್ಲಿಪ್‌ಗಳು ಮಾತ್ರ ಎರಡೇ ವರ್ಷಕ್ಕೆ ತುಕ್ಕು ಹಿಡಿದವು. ಈಗ 316 ಸ್ಟೀಲಿನವು, ಹೋಸಿನ ಪ್ರತಿ ತುದಿಗೆ ಎರಡೆರಡು ಹಾಕಿದ್ದೇನೆ.

ವಾಲ್ವ್ ಮಾತ್ರ ಆರೈಕೆ ಕೇಳುತ್ತದೆ. ಎಂಜಿನ್ ನಿಂತ ಕೂಡಲೇ ಒಳಗೆ ಗಾಳಿ ಬಿಟ್ಟು ಸೈಫನ್ ಮುರಿಯುವುದು ಅದರ ಕೆಲಸ. ಎರಡನೇ ವರ್ಷ ಬಿಚ್ಚಿದಾಗ ಉಪ್ಪು ಕಟ್ಟಿ ರಬ್ಬರ್ ಅಂಟಿಕೊಂಡಿತ್ತು. ಎದೆ ಧಸಕ್ಕೆಂದಿತು. ಹಾಗೇ ಬಿಟ್ಟಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಈಗ ತಿಂಗಳಿಗೊಮ್ಮೆ ಸಿಹಿನೀರಲ್ಲಿ ತೊಳೆಯುತ್ತೇನೆ. ಜೂನ್, ಜುಲೈ ಮೀನುಗಾರಿಕೆ ನಿಷೇಧದ ಸಮಯದಲ್ಲಿ ರಬ್ಬರನ್ನೇ ಬದಲಿಸುತ್ತೇನೆ. ಜಾಸ್ತಿ ಖರ್ಚಿಲ್ಲ.

ವಾಲ್ವನ್ನು ನೀರಿನ ಮಟ್ಟಕ್ಕಿಂತ ಚೆನ್ನಾಗಿ ಮೇಲೆ, ಬೋಟ್ ವಾಲಿದರೂ ಮುಳುಗದ ಹಾಗೆ, ನಡುಭಾಗದಲ್ಲಿ ಕೂರಿಸಿ. ಇನ್ನೊಂದು ಮಾತು, ಈ ಕಿಟ್ ಇದ್ದರೂ ತಪ್ಪದ್ದು. ಎಂಜಿನ್ ಹಿಡಿಯುತ್ತಿಲ್ಲ ಅಂತ ಸುಮ್ನೆ ಸೆಲ್ಫ್ ಹೊಡೆಯುತ್ತಲೇ ಇರಬೇಡಿ. ಪಂಪ್ ನೀರು ತುಂಬುತ್ತಿರುತ್ತದೆ, ಅದನ್ನು ಹೊರಗೆ ತಳ್ಳಲು ಹೊಗೆ ಇರುವುದಿಲ್ಲ. ವಾಟರ್‌ಲಾಕ್ ತುಂಬಿ ನೀರು ಹಿಂದಕ್ಕೆ ಬರುತ್ತದೆ. ಎರಡು ಸಲಕ್ಕೆ ಹಿಡಿಯದಿದ್ದರೆ ಸೀಕಾಕ್, ಅಂದರೆ ಸಮುದ್ರದ ನೀರು ಒಳಗೆ ಬರುವ ವಾಲ್ವ್, ಮುಚ್ಚಿ ಪ್ರಯತ್ನಿಸಿ, ಹಿಡಿದ ತಕ್ಷಣ ತೆರೆಯಿರಿ. ನಾನು ಸೆಲ್ಫ್ ಬಟನ್ ಪಕ್ಕದಲ್ಲೇ 'ಸೀಕಾಕ್' ಅಂತ ಪೇಂಟಿನಲ್ಲಿ ಬರೆದಿಟ್ಟಿದ್ದೇನೆ.