ಅಡಿಕೆ ಅಂಗಳದಲ್ಲಿ ಎಂಟಿಂಚಿನ ಟೆಲಿಸ್ಕೋಪ್: ಒಂದು ವರ್ಷದ ಅನುಭವ

ಹೋದ ವರ್ಷ ಒಂದು ಕ್ವಿಂಟಾಲ್ ರಾಶಿ ಅಡಿಕೆಯ ದುಡ್ಡು ಹಾಕಿ ಎಂಟಿಂಚು ಅಗಲದ ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪ್ (ಸಾದಾ ಸ್ಟ್ಯಾಂಡಿನ ಮೇಲೆ ಕೈಯಲ್ಲೇ ತಿರುಗಿಸುವಂಥದ್ದು) ತರಿಸಿದೆ. ಕೊರಿಯರ್‌ನವರು ಹೊಸನಗರದವರೆಗೆ ಮಾತ್ರ ತಂದರು. ಅಲ್ಲಿಂದ ಅದು ಗೊಬ್ಬರದ ಚೀಲಗಳ ಜೊತೆ ನಮ್ಮ ಪಿಕಪ್ಪಿನಲ್ಲಿ ಮನೆಗೆ ಬಂತು. ಬಿಚ್ಚಿದರೆ ಫೈಂಡರ್‌ನ (ಗುರಿ ಹಿಡಿಯುವ ಪುಟ್ಟ ದುರ್ಬೀನು) ಒಂದು ಸ್ಕ್ರೂ ಇಲ್ಲ. ಮಾರಿದವರಿಗೆ ಮೂರು ಸಲ ಫೋನ್ ಮಾಡಿ ಸಾಕಾಗಿ, ಸೈಕಲ್ ರಿಪೇರಿ ಅಂಗಡಿಯ ಸ್ಕ್ರೂ ಹಾಕಿಕೊಂಡೆ. ಅದಕ್ಕೇ ರೇಟಿಂಗ್‌ನಲ್ಲಿ ಒಂದು ಸ್ಟಾರ್ ಕಳೆದಿದ್ದೇನೆ.

ಚಂದ್ರ, ಶನಿಯ ಬಳೆ ಎಲ್ಲ ಚೆನ್ನಾಗಿ ಕಾಣುತ್ತವೆ, ಅದನ್ನು ಎಲ್ಲರೂ ಬರೆದಿದ್ದಾರೆ. ನನಗೆ ಹುಚ್ಚು ಹಿಡಿಸಿದ್ದು ಮಿರಾಕ್. ಡಿಸೆಂಬರ್ ರಾತ್ರಿ ಎಂಟರ ಹೊತ್ತಿಗೆ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಇರುವ ಕೆಂಪು ಛಾಯೆಯ ನಕ್ಷತ್ರ. ಇಲ್ಲಿಂದ ಸುಮಾರು 200 ಜ್ಯೋತಿರ್ವರ್ಷ ದೂರ. ಅದರ ಪಕ್ಕದಲ್ಲೇ ಎನ್‌ಜಿಸಿ 404 ಎಂಬ ಮಸುಕು ಗ್ಯಾಲಕ್ಸಿ ಕಾಣುತ್ತದೆ, ಅದು ಮಾತ್ರ ಸುಮಾರು 1 ಕೋಟಿ ಜ್ಯೋತಿರ್ವರ್ಷ ಆಚೆ. ಇದಕ್ಕೆ ‘ಮಿರಾಕ್‌ನ ಭೂತ’ ಅಂತಲೇ ಹೆಸರು. ನಾನು ಮೊದಲು ಲೆನ್ಸಿನೊಳಗಿನ ಪ್ರತಿಫಲನ ಅಂದುಕೊಂಡು ಬಟ್ಟೆಯಲ್ಲಿ ಒರೆಸಿದೆ! 10 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸು) ಹಾಕಿ, ನಕ್ಷತ್ರವನ್ನು ಅಂಚಿನಿಂದ ಆಚೆ ತಳ್ಳಿದ ಮೇಲೆ ಗುಂಡಗೆ ಹತ್ತಿಯ ಹಾಗೆ ಕಂಡಿತು.

ಆದರೆ ಅವತ್ತು ಅಂಗಳದ ಮೂಲೆಯಲ್ಲಿ ಅಡಿಕೆ ಬೇಯಿಸುವ ಒಲೆ ಉರಿಯುತ್ತಿತ್ತು. ಅದರ ಬಿಸಿಗಾಳಿಗೆ ಮಿರಾಕ್ ನೀರೊಳಗಿನ ದೀಪದ ಹಾಗೆ ಕುಣಿಯುತ್ತಿತ್ತು. ಫಿಸಿಕ್ಸ್ ಓದುವ ತಂಗಿಯ ಮಗ ನಕ್ಕ. "ಮಾವ, ದೊಡ್ಡ ಟೆಲಿಸ್ಕೋಪಿಗೂ ಇದೇ ಗೋಳು, ಒಲೆ ಇಲ್ಲದಿದ್ದರೂ ಗಾಳಿ ಕುಣಿಸುತ್ತೆ" ಅಂದ. ದೊಡ್ಡ ಟೆಲಿಸ್ಕೋಪುಗಳಲ್ಲಿ ಮಸುಕು ಗ್ಯಾಲಕ್ಸಿಯ ಪಕ್ಕದ ಹೊಳೆಯುವ ನಕ್ಷತ್ರವನ್ನು ಸೆಕೆಂಡಿಗೆ ನೂರಾರು ಸಲ ಅಳೆಯುತ್ತಾರಂತೆ. ಅದು ಎಷ್ಟು ಅಲುಗಿತೋ ಅದಕ್ಕೆ ತಕ್ಕಂತೆ ತೆಳ್ಳನೆಯ ಕನ್ನಡಿಯನ್ನು ಬಗ್ಗಿಸಿ ಸರಿ ಮಾಡುತ್ತಾರೆ. ಅಡಾಪ್ಟಿವ್ ಆಪ್ಟಿಕ್ಸ್ ಅಂದರೆ ಇದೇ. 1953ರಲ್ಲೇ ಅಮೆರಿಕದ ಖಗೋಳ ವಿಜ್ಞಾನಿ ಹೊರೇಸ್ ಬ್ಯಾಬ್‌ಕಾಕ್ ಹೇಳಿಟ್ಟಿದ್ದ ಉಪಾಯ.

ತಮಾಷೆ ಏನೆಂದರೆ, ಆಕಾಶದಲ್ಲಿ ನಕ್ಷತ್ರ ಗ್ಯಾಲಕ್ಸಿಯ ತೀರಾ ಪಕ್ಕದಲ್ಲಿ ಕಂಡರೆ ಮಾತ್ರ ಇದು ಚೆನ್ನಾಗಿ ನಡೆಯುತ್ತದೆ. ನಮ್ಮ ಭೂತಕ್ಕೂ ಮಿರಾಕ್‌ಗೂ ನಡುವೆ ಕಾಣುವ ಅಂತರ ಕೂಡ ಜಾಸ್ತಿಯೇ. ಅದಕ್ಕೇ ಕೆಲವರು ಲೆಕ್ಕ ತಿರುಗಿಸಿದರು: ಮೊದಲು ಹೊಳೆಯುವ ನಕ್ಷತ್ರಗಳನ್ನು ಆರಿಸಿ, ಅವುಗಳ ಸುತ್ತ ಯಾವ ಮಸುಕು ಗ್ಯಾಲಕ್ಸಿಗಳಿವೆ ಎಂದು ಹುಡುಕಿದರು. ಚಿಲಿಯ ಪರಾನಾಲ್ ಬೆಟ್ಟದ 8.2 ಮೀಟರ್ ಟೆಲಿಸ್ಕೋಪಿನಲ್ಲಿ ನಾಕೋ ಕ್ಯಾಮೆರಾದಿಂದ ಮಾಡಿದ ‘ಸ್ವಾನ್’ ಸಮೀಕ್ಷೆ ಇಂಥದ್ದು. ಅದೂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ ಬೆಳಕಿನಲ್ಲಿ, ಯಾಕೆಂದರೆ ಬೆಳಕಿನ ಅಲೆ ಉದ್ದವಾದಷ್ಟೂ ಗಾಳಿಯ ಕಾಟ ಕಡಿಮೆ. ನಾನು ಅಂಚಿಗೆ ತಳ್ಳಿದ ನಕ್ಷತ್ರದಂಥದ್ದನ್ನೇ ಅವರು ಹುಡುಕಿಕೊಂಡು ಹೋದರು, ನೋಡಿ.

ನನ್ನ ಕನ್ನಡಿ ಬಗ್ಗುವುದಿಲ್ಲ. ಹಾಗಾಗಿ ಈಗ ಒಲೆ ಆರಿದ ಮೇಲೆ, ಹತ್ತು ಗಂಟೆಗೆ ಹೊರಗೆ ತರುತ್ತೇನೆ.

ಮಲೆನಾಡಿನವರು ಕೊಳ್ಳುವುದಾದರೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಸುಮ್ನೆ ಕೂತಿರುತ್ತದೆ. ನನ್ನ 25 ಮಿ.ಮೀ. ಐಪೀಸಿಗೆ ಆಗಸ್ಟ್‌ನಲ್ಲೇ ಬೂಷ್ಟು ಬಂತು. ಈಗ ಎಲ್ಲವನ್ನೂ ರೇಷ್ಮೆ ಸೀರೆಯ ಬೀರುವಿನಲ್ಲಿ, ಜೀರೋ ಬಲ್ಬ್ ಹಚ್ಚಿ ಇಟ್ಟಿದ್ದೇನೆ. ಹೆಂಡತಿ ಒಂದು ಖಾನೆ ಬಿಟ್ಟುಕೊಟ್ಟಿದ್ದಾಳೆ, ಸದ್ಯಕ್ಕೆ.